ಸ್ಟ್ಯಾಟ್ ಸಂಕೇತ ಅಳೆಯುವ ಡ್ಯುಯಲ್ ಲೂಸಿಫರೇಸ್ ಕಿಟ್: ನೊಣದ ಕೋಶದಲ್ಲೂ ಮನುಷ್ಯರ ಕೋಶದಲ್ಲೂ ಹೇಗಿದೆ?

ಸ್ಟ್ಯಾಟ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗೆ (ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಯಾವ ಜೀನ್ ಕಡಿವಾಣ ಹಾಕುತ್ತದೆ, ಯಾವುದು ಹುರುಪು ಕೊಡುತ್ತದೆ ಎಂದು ಹುಡುಕುವವರಿಗೆ ಪ್ರೊಮೆಗಾದ ಡ್ಯುಯಲ್ ಲೂಸಿಫರೇಸ್ ಕಿಟ್ ಹಳೆಯ ಪರಿಚಯ. ಲೂಸಿಫರೇಸ್ ಎಂದರೆ ಬೆಳಕು ಹೊಮ್ಮಿಸುವ ಕಿಣ್ವ. ಸ್ಟ್ಯಾಟ್ ಕೂರುವ ತಾಣಗಳ ಪಕ್ಕ ಮಿಂಚುಹುಳದ ಲೂಸಿಫರೇಸ್ ಜೀನ್ ಇರುವ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ), ಅಂದರೆ ರಿಪೋರ್ಟರ್, ಸ್ಟ್ಯಾಟ್‌ನ ಚಟುವಟಿಕೆ ತೋರಿಸುತ್ತದೆ. ರೆನಿಲ್ಲಾ ಎಂಬ ಸಮುದ್ರಜೀವಿಯ ಲೂಸಿಫರೇಸ್ ಟ್ರಾನ್ಸ್‌ಫೆಕ್ಷನ್ (ಕೋಶದೊಳಗೆ ಡಿಎನ್‌ಎ ಸೇರಿಸುವ ಕೆಲಸ) ಎಷ್ಟು ಹತ್ತಿದೆ, ಕೋಶಗಳು ಎಷ್ಟು ಉಳಿದಿವೆ ಎಂಬುದರ ಲೆಕ್ಕ ಕೊಡುತ್ತದೆ. ಅಳತೆಯ ಮಟ್ಟಿಗೆ ಕಿಟ್ ತುಂಬಾ ಚೆನ್ನಾಗಿದೆ. ಎಡವುವುದು ಹೆಚ್ಚಾಗಿ ಅಳತೆಯ ಮುಂಚೆ ಮತ್ತು ಆಮೇಲೆ.

ಕ್ರಮ ಸರಳ. 5 ಪಟ್ಟು ಸಾಂದ್ರತೆಯ ಲೈಸಿಸ್ ಬಫರನ್ನು (ಕೋಶ ಒಡೆಯುವ ದ್ರಾವಣ) 1 ಪಟ್ಟಿಗೆ ಇಳಿಸಿ ಕೋಶಗಳಿಗೆ ಹಾಕಿ, ಕೋಣೆಯ ಉಷ್ಣತೆಯಲ್ಲಿ 15 ನಿಮಿಷ ಅಲುಗಾಡಿಸಬೇಕು. 20 ಮೈಕ್ರೋಲೀಟರ್ ಲೈಸೇಟ್‌ಗೆ (ಒಡೆದ ಕೋಶಗಳ ದ್ರವ) ಮೊದಲ ರೀಜೆಂಟ್ 100 ಮೈಕ್ರೋಲೀಟರ್ ಹಾಕಿ 2 ಸೆಕೆಂಡ್ ಬಿಟ್ಟು 10 ಸೆಕೆಂಡ್ ಬೆಳಕು ಓದಬೇಕು. ನಂತರ ಸ್ಟಾಪ್ ಅಂಡ್ ಗ್ಲೋ ಎಂಬ ಎರಡನೆಯ ರೀಜೆಂಟ್ 100 ಮೈಕ್ರೋಲೀಟರ್ ಹಾಕಿ ಮತ್ತೆ ಓದಬೇಕು. ಮಿಂಚುಹುಳದ ಬೆಳಕು ಆರುವುದೂ ರೆನಿಲ್ಲಾದ ಬೆಳಕು ಹೊತ್ತುವುದೂ ಪ್ಲೇಟ್‌ನ ಅದೇ ಬಾವಿಯಲ್ಲೇ (ಗುಳಿಯಲ್ಲೇ). ಬಿಳಿ, ಅಪಾರದರ್ಶಕ ಪ್ಲೇಟನ್ನೇ ಬಳಸಿ. ಪಾರದರ್ಶಕ ಪ್ಲೇಟ್‌ನಲ್ಲಿ ಪಕ್ಕದ ಬಾವಿಯ ಬೆಳಕು ಸೋರುತ್ತದೆ.

ಮೊದಲ ರೀಜೆಂಟನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 70ರಲ್ಲಿ ಇಡಿ, ಪದೇ ಪದೇ ಕರಗಿಸಬೇಡಿ. ಐಸ್‌ನಿಂದ ತೆಗೆದ ಲೈಸೇಟನ್ನು ನೇರ ಓದಿದರೆ ಮಿಂಚುಹುಳದ ಸಂಖ್ಯೆ ಕುಸಿಯುತ್ತದೆ, ಏಕೆಂದರೆ ಆ ಕಿಣ್ವ ಚುರುಕಾಗಿ ದುಡಿಯುವುದು 20ರಿಂದ 25 ಡಿಗ್ರಿಯಲ್ಲಿ. ಇಂಜೆಕ್ಟರ್ ಇರುವ ಯಂತ್ರವಾದರೆ ಎರಡನೆಯ ರೀಜೆಂಟ್ ಕೊಳವೆಯ ಪ್ಲಾಸ್ಟಿಕ್‌ಗೆ ಅಂಟುತ್ತದೆ. ಆ ಉಳಿಕೆ ಮೊದಲ ಓದಿಗೆ ಸೇರಿದರೆ ಮಿಂಚುಹುಳದ ಬೆಳಕನ್ನೇ ನುಂಗುತ್ತದೆ. ನೀರು, 70% ಎಥನಾಲ್, ಮತ್ತೆ ನೀರು ಹೀಗೆ ತೊಳೆಯಲೇಬೇಕು.

ಹಣ್ಣಿನ ನೊಣದ ಎಸ್2 ಕೋಶಗಳಲ್ಲಿ (ಲ್ಯಾಬ್‌ನಲ್ಲಿ ಬೆಳೆಸುವ ಒಂದು ಬಗೆ) ಕೆಲಸ ನಿಜಕ್ಕೂ ಹಿತ. 25 ಡಿಗ್ರಿ ಸಾಕು, ಕಾರ್ಬನ್ ಡೈಆಕ್ಸೈಡ್ ಬೇಡ. ಒಂದು ಜೀನನ್ನು ತೆಗೆಯಲು, ಅಂದರೆ ಅದರ ಕೆಲಸ ಅಡಗಿಸಲು, ಕೆಲವು ನೂರು ಬೇಸ್ ಜೋಡಿ ಉದ್ದದ ಡಬಲ್ ಸ್ಟ್ರ್ಯಾಂಡ್ (ಎರಡು ಎಳೆಯ) ಆರ್‌ಎನ್‌ಎಯನ್ನು ಸೀರಮ್ ಇಲ್ಲದ ಮಾಧ್ಯಮದಲ್ಲಿ ಕೊಟ್ಟರೆ ಕೋಶಗಳೇ ಒಳಗೆಳೆದುಕೊಳ್ಳುತ್ತವೆ. ಅರ್ಧ ಗಂಟೆಯ ಮೇಲೆ ಸೀರಮ್ ಇರುವ ಮಾಧ್ಯಮ ಸೇರಿಸಿ 3ರಿಂದ 5 ದಿನ ಬಿಡಬೇಕು. ಆಗಲೇ ಇರುವ ಪ್ರೋಟೀನ್ ಕರಗಲು ಅಷ್ಟು ಸಮಯ ಬೇಕು. ಒಂದೇ ತೊಡಕು: ಈ ಕೋಶಗಳು ತಳಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಮಾಧ್ಯಮ ಹೀರುವ ಮೊದಲು ಪ್ಲೇಟನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಇಲ್ಲದಿದ್ದರೆ ಅರ್ಧ ಕೋಶಗಳು ಪಿಪೆಟ್‌ನಲ್ಲೇ ಹೋಗುತ್ತವೆ. ನೂರಾರು ಜೀನ್‌ಗಳ ಸ್ಕ್ರೀನ್ ಮಾಡುವವರು ಮಾಧ್ಯಮ ತೆಗೆಯದೆ ನೇರ ಸುರಿಯುವ ಡ್ಯುಯಲ್ ಗ್ಲೋ ಬಗೆಯನ್ನು ಕೊಳ್ಳುವುದೇ ಮೇಲು. ಅದರ ಬೆಳಕು ಮಂದ, ಆದರೆ ಗಂಟೆಗಟ್ಟಲೆ ನಿಲ್ಲುತ್ತದೆ.

ಮನುಷ್ಯರ ಕೋಶದಲ್ಲಿ ಉದ್ದದ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ ಇಂಟರ್‌ಫೆರಾನ್ ಪ್ರತಿಕ್ರಿಯೆ (ವೈರಸ್ ವಿರುದ್ಧದ ರಕ್ಷಣೆ) ಎಬ್ಬಿಸುತ್ತದೆ, ಅದು ನಡೆಯುವುದೇ ಸ್ಟ್ಯಾಟ್ ಮೂಲಕ! ಹಾಗಾಗಿ ಇಲ್ಲಿ ಎಸ್‌ಐಆರ್‌ಎನ್‌ಎ ಎಂಬ ಚಿಕ್ಕ ಆರ್‌ಎನ್‌ಎ ತುಣುಕೇ ಗತಿ. ಅದೂ ಅಲ್ಲದೆ ನೊಣಕ್ಕೆ ಹಾಪ್‌ಸ್ಕಾಚ್ ಎಂಬ ಒಂದೇ ಜ್ಯಾಕ್ (ಸ್ಟ್ಯಾಟ್‌ಗೆ ಫಾಸ್ಫೇಟ್ ಸೇರಿಸಿ ಚಾಲೂ ಮಾಡುವ ಕಿಣ್ವ), ಸ್ಟ್ಯಾಟ್92ಇ ಎಂಬ ಒಂದೇ ಸ್ಟ್ಯಾಟ್. ಮನುಷ್ಯರಲ್ಲಿ ಜ್ಯಾಕ್ 4, ಸ್ಟ್ಯಾಟ್ 7. ಸ್ಟ್ಯಾಟ್‌ಗೆ ಕಡಿವಾಣ ಹಾಕುವ ನೊಣದ ಪಿಟಿಪಿ61ಎಫ್ ಜೀನ್ ತೆಗೆದರೆ ಬೆಳಕು ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಮನುಷ್ಯರಲ್ಲಿ ಅದರ ಜಾಗದಲ್ಲಿ ಪಿಟಿಪಿಎನ್1, ಪಿಟಿಪಿಎನ್2 ಎರಡೂ ಇರುವುದರಿಂದ ಒಂದನ್ನು ತೆಗೆದರೆ ಇನ್ನೊಂದು ಕೊರತೆ ತುಂಬಬಹುದು. ಬದಲಾವಣೆ ಕಾಣಲಿಲ್ಲವೆಂದು ಕಿಟ್ಟನ್ನು ದೂರಬೇಡಿ.

ಈಗ ಮುಖ್ಯ ತಕರಾರು. ಕಂಟ್ರೋಲ್‌ನಲ್ಲಿ ಮಿಂಚುಹುಳ 80,000, ರೆನಿಲ್ಲಾ 40,000 ಇದೆ ಎನ್ನಿ, ಅನುಪಾತ 2. ಒಂದು ಜೀನ್ ತೆಗೆದಾಗ ಅವು 20,000 ಮತ್ತು 2,000 ಆದರೆ ಅನುಪಾತ 10. ಸ್ಟ್ಯಾಟ್‌ನ ಹೊಸ ತಡೆಗಾರ ಸಿಕ್ಕಿತೆಂದು ಹಿಗ್ಗುವಂತಿಲ್ಲ: ಎರಡೂ ಬೆಳಕು ಇಳಿದಿವೆ, ಕೋಶಗಳೇ ಸತ್ತಿರಬಹುದು. ರೈಬೋಸೋಮ್ ಜೀನ್‌ಗಳು ಹೀಗೆ ಬಹಳ ಮೋಸ ಮಾಡುತ್ತವೆ. ಟ್ರಾನ್ಸ್‌ಫೆಕ್ಷನ್ ಆಗದ ಕೋಶದ ಹಿನ್ನೆಲೆ ಬೆಳಕನ್ನು ಕಳೆಯಿರಿ, ಕಚ್ಚಾ ಸಂಖ್ಯೆಗಳನ್ನು ಬೇರೆಯಾಗಿ ನೋಡಿ, ರೆನಿಲ್ಲಾ ತೀರಾ ಕುಸಿದ ಬಾವಿಗಳನ್ನು ಕೈಬಿಡಿ. ಪ್ರತಿ ಪ್ಲೇಟ್‌ನಲ್ಲೂ ಹೋಲಿಕೆಗೆ, ತೆಗೆದರೆ ಬೆಳಕು ಇಳಿಯುವ ಡೋಮ್‌ಲೆಸ್ (ಸಂಕೇತ ಹಿಡಿಯುವ ರಿಸೆಪ್ಟರ್), ಏರುವ ಪಿಟಿಪಿ61ಎಫ್, ಏನೂ ಆಗದ ಜಿಎಫ್‌ಪಿ (ನೊಣದಲ್ಲಿ ಇಲ್ಲದ ಜೀನ್) ಇವುಗಳ ಆರ್‌ಎನ್‌ಎ ಇರಲಿ. ಸಿಕ್ಕ ಜೀನನ್ನು, ಮೊದಲಿನದರ ಮೇಲೆ ಬೀಳದ ಬೇರೊಂದು ಆರ್‌ಎನ್‌ಎ ತುಣುಕಿನಿಂದ ಮತ್ತೆ ಪರೀಕ್ಷಿಸದೆ ನಂಬಬೇಡಿ. 19 ಬೇಸ್‌ಗಳ ಹೋಲಿಕೆ ಇದ್ದರೂ ಬೇರೆ ಜೀನ್ ಕೆಡಬಹುದು.

ಕಿಟ್‌ಗೆ ಕಾಣದ ಸಂಗತಿಗಳೂ ಇವೆ. ತಡೆ ಬಿದ್ದದ್ದು ಫಾಸ್ಫೇಟ್ ಸೇರುವ ಹಂತದಲ್ಲೋ ಡಿಎನ್‌ಎ ಮೇಲೋ ಎಂದು ತಿಳಿಯಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನೇ ಗುರುತಿಸುವ ಪರೀಕ್ಷೆ) ಬೇಕು. ಕೆನ್ ಎಂಬ ನೊಣದ ಜೀನ್, ಅಂದರೆ ಮನುಷ್ಯರ ಬಿಸಿಎಲ್6ನ ಸಂಬಂಧಿ, ಸ್ಟ್ಯಾಟ್‌ನ ಕೆಲವು ಗುರಿ ಜೀನ್‌ಗಳನ್ನು ಮಾತ್ರ ಅದುಮುತ್ತದೆ. ರಿಪೋರ್ಟರ್‌ನಲ್ಲಿ ಕೆನ್ ಕೂರುವ ಜಾಗ ಇಲ್ಲದಿದ್ದರೆ, ಎಷ್ಟು ಒಳ್ಳೆಯ ರೀಜೆಂಟ್ ಸುರಿದರೂ ಅದು ಸಿಗುವುದಿಲ್ಲ. ಹಾಗಾಗಿ ಕಿಟ್ ಆರ್ಡರ್ ಮಾಡುವ ಮೊದಲು ಪ್ಲಾಸ್ಮಿಡ್‌ನಲ್ಲಿರುವ ಸ್ಟ್ಯಾಟ್ ತಾಣಗಳ ಸೀಕ್ವೆನ್ಸ್ ತೆರೆದು ಓದಿ.