ಬದಿಯಡ್ಕ ಪೇಟೆಯ ಪುಟ್ಟ ಲ್ಯಾಬ್: ಮಲ ಪರೀಕ್ಷೆಗೆ ಹೋದವರ ಅನುಭವ

ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ವಾರದಲ್ಲಿ ಅಕ್ಕನ ಹನ್ನೊಂದು ವರ್ಷದ ಮಗನಿಗೆ ಜ್ವರ, ಹೊಟ್ಟೆ ನುಲಿತ ಮತ್ತು ರಕ್ತ, ಲೋಳೆ ಬೆರೆತ ಭೇದಿ ಶುರುವಾಯಿತು. ವೈದ್ಯರು ಓಆರ್‌ಎಸ್ ಕುಡಿಸುತ್ತಿರಲು ಹೇಳಿ, ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಮಲದ ಮೈಕ್ರೋಸ್ಕೋಪ್ ಪರೀಕ್ಷೆಯನ್ನೂ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರನ್ನೂ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟರು. ನಾವು ಹೋದದ್ದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಎರಡೇ ಕೋಣೆಗಳಿರುವ ಒಂದು ಲ್ಯಾಬಿಗೆ. ದೊಡ್ಡ ಯಂತ್ರಗಳಾಗಲಿ, ತಂಪು ಹವೆಯ ಕಾಯುವ ಕೋಣೆಯಾಗಲಿ ಅಲ್ಲಿಲ್ಲ. ಆದರೂ ಹೊಟ್ಟೆಯ ಸೋಂಕಿನ ತಪಾಸಣೆಗೆ ನಮ್ಮ ಕಡೆಯ ಯಾರು ಕೇಳಿದರೂ ನಾನು ಈ ಲ್ಯಾಬನ್ನೇ ಹೇಳುತ್ತೇನೆ.

ಬೆಳಿಗ್ಗೆ ಆರು ಗಂಟೆಗೆ ಮನೆಯಲ್ಲಿ ತೆಗೆದ ಸ್ಯಾಂಪಲನ್ನು ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಕೊಂಡು ಒಂಬತ್ತೂವರೆಗೆ ನಾವು ತಲುಪಿದ್ದೆವು. ಅಲ್ಲಿನ ಟೆಕ್ನಿಶಿಯನ್ ಅದನ್ನು ಮುಟ್ಟಲೂ ಇಲ್ಲ. ಎಷ್ಟು ಗಂಟೆಯದು, ಯಾವ ಮಾತ್ರೆ ಕೊಟ್ಟಿದ್ದೀರಿ, ಮನೆಯಲ್ಲಿ ಬೇರೆ ಯಾರಿಗಾದರೂ ಭೇದಿಯಿದೆಯೇ, ಕುಡಿಯುವ ನೀರು ಎಲ್ಲಿಯದು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡ ಬಳಿಕ, ಈ ಸ್ಯಾಂಪಲಿನಿಂದ ಪ್ರಯೋಜನವಿಲ್ಲ, ಹುಡುಗನನ್ನೇ ಕರೆದುಕೊಂಡು ಬನ್ನಿ ಎಂದರು. ನೀರಾದ ಮಲದಲ್ಲಿರುವ ಜೀವಂತ ಅಮೀಬಾವನ್ನು ಅದರ ಚಲನೆಯಿಂದ ಗುರುತಿಸಬೇಕಾಗುತ್ತದೆ, ಅರ್ಧ ಗಂಟೆ ಕಳೆದರೆ ಆ ಚಲನೆ ನಿಂತುಹೋಗುತ್ತದೆ, ಶಿಗೆಲ್ಲಾ ಬ್ಯಾಕ್ಟೀರಿಯಾವೂ ಇಟ್ಟ ಮಲದಲ್ಲಿ ಬೇಗನೆ ಸಾಯುತ್ತದೆ ಎಂದು ಅವರು ಸಮಾಧಾನದಿಂದ ವಿವರಿಸಿದರು. ಅಕ್ಕನಿಗೆ ಮೊದಲು ಸಿಟ್ಟು ಬಂದದ್ದು ನಿಜ. ಮಳೆಯಲ್ಲಿ ಮತ್ತೆ ಮನೆಗೆ ಹೋಗಿ ಬರಬೇಕಾಯಿತಲ್ಲ.

ಹುಡುಗ ಅಲ್ಲಿಯೇ ಕೊಟ್ಟ ಸ್ಯಾಂಪಲಿನಲ್ಲಿ ರಕ್ತವೂ ಲೋಳೆಯೂ ಸೇರಿದ್ದ ಭಾಗವನ್ನೇ ಹುಡುಕಿ, ಕಡ್ಡಿಯ ತುದಿಯಿಂದ ಒಂದಿಷ್ಟನ್ನು ಸ್ಲೈಡಿನ ಮೇಲಿನ ಸಲೈನ್ ಹನಿಯಲ್ಲಿ ಕದಡಿ, ತೆಳು ಗಾಜು ಮುಚ್ಚಿ, ಅವರು ಕೂಡಲೇ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಇನ್ನೊಂದು ಹತ್ತಿಯ ಕಡ್ಡಿಯನ್ನು ಅದೇ ಭಾಗದಲ್ಲಿ ಅದ್ದಿ, ರೋಗಾಣುವನ್ನು ದಾರಿಯಲ್ಲಿ ಜೀವಂತವಾಗಿಡುವ ಕ್ಯಾರಿ-ಬ್ಲೇರ್ ಮಾಧ್ಯಮವಿರುವ ಕೊಳವೆಯೊಳಗೆ ಮುರಿದು ಹಾಕಿ, ಮಂಗಳೂರಿಗೆ ಹೋಗುವ ಐಸ್ ಪೆಟ್ಟಿಗೆಯಲ್ಲಿಟ್ಟರು. ಕಲ್ಚರಿನ ಸೌಲಭ್ಯ ತಮ್ಮಲ್ಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಮೈಕ್ರೋಸ್ಕೋಪಿನಲ್ಲಿ ರಾಶಿ ಕೀವುಕಣಗಳೂ ಕೆಂಪು ರಕ್ತಕಣಗಳೂ ಕಂಡುವು. ರಕ್ತಕಣ ನುಂಗಿದ ಅಮೀಬಾ ಒಂದೂ ಇರಲಿಲ್ಲ. ಆಮಶಂಕೆಯೆಂದರೆ ಅಮೀಬಾವೇ ಎಂದು ನಮ್ಮಲ್ಲಿ ಎಷ್ಟೋ ಮಂದಿ ತಿಳಿದಿದ್ದಾರೆ. ಆದರೆ ರಕ್ತಭೇದಿಗೆ ಬ್ಯಾಕ್ಟೀರಿಯಾವೂ ಕಾರಣವಾಗುತ್ತದೆ. ಇನ್ನೊಂದು ತೊಡಕೂ ಇದೆ. ರೋಗ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಅಮೀಬಾದ ಗಟ್ಟಿ ಕವಚದ ರೂಪವಾದ ಸಿಸ್ಟ್‌ಗಳನ್ನು ನಿರುಪದ್ರವಿಯಾದ ಎಂಟಮೀಬಾ ಡಿಸ್ಪಾರಿನ ಸಿಸ್ಟ್‌ಗಳಿಂದ ಮೈಕ್ರೋಸ್ಕೋಪಿನಲ್ಲಿ ನೋಡಿ ಬೇರ್ಪಡಿಸಲು ಸಾಧ್ಯವಿಲ್ಲ. ಆದ್ದರಿಂದ ಸಿಸ್ಟ್ ಇದೆ ಎಂಬ ಒಂದೇ ಸಾಲಿನ ವರದಿಯನ್ನು ನೆಚ್ಚಿಕೊಂಡು ಮದ್ದು ನುಂಗುವುದು ಸರಿಯಲ್ಲ.

ಕಳೆದ ವರ್ಷ ಅಪ್ಪನಿಗೆ ಜ್ವರ ಬಂದಾಗ ನಾವು ಬೇರೊಂದು ಊರಿನ ದೊಡ್ಡ ಲ್ಯಾಬಿಗೆ ಹೋಗಿದ್ದೆವು. ಮೂರನೆಯ ದಿನವೇ ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಪಾಸಿಟಿವ್ ಎಂದು ಬರೆದುಕೊಟ್ಟರು, ಆ ದಿನವೇ ಮದ್ದು ಆರಂಭವಾಯಿತು. 1896ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಅಳತೆಗೆ ಸಿಗಲು ಸಾಮಾನ್ಯವಾಗಿ ಒಂದು ವಾರ ಬೇಕು. ಹಿಂದೆಂದೋ ಆಗಿದ್ದ ಸೋಂಕಿನಿಂದಲೂ, ಲಸಿಕೆಯಿಂದಲೂ ಪಾಸಿಟಿವ್ ಬರಬಹುದು. ಮೊದಲ ವಾರದಲ್ಲಿ ಮಾಡಿಸಬೇಕಾದದ್ದು ರಕ್ತದ ಕಲ್ಚರ್, ಅದೂ ಆ್ಯಂಟಿಬಯೋಟಿಕ್ ಕೊಡುವ ಮೊದಲು. ಜ್ವರ ಇಳಿಯದೆ ಮುಂದೆ ಕಲ್ಚರ್ ಮಾಡಿಸಿದಾಗ ಏನೂ ಬೆಳೆಯಲಿಲ್ಲ. ಅಪ್ಪನಿಗೆ ಬಂದ ಜ್ವರ ಯಾವುದೆಂದು ಇಂದಿಗೂ ನಮಗೆ ಗೊತ್ತಿಲ್ಲ. ಆ ಹದಿನೈದು ದಿನಗಳ ಸಂಕಟವನ್ನು ಕಂಡಿದ್ದರಿಂದಲೇ, ಬದಿಯಡ್ಕದಲ್ಲಿ ನಮ್ಮ ಬಾಟಲಿಯನ್ನು ಹಿಂದಿರುಗಿಸಿದ್ದು ನನಗೆ ದೊಡ್ಡ ಗುಣವಾಗಿ ಕಂಡಿತು.

ಮೂರನೆಯ ದಿನ ಮಂಗಳೂರಿನ ವರದಿ ಬಂತು. ಬೆಳೆದದ್ದು ಶಿಗೆಲ್ಲಾ. ಜಪಾನಿನ ವಿಜ್ಞಾನಿ ಶಿಗಾ 1897ರಲ್ಲಿ ಗುರುತಿಸಿದ, ಇಂದು ಅವರ ಹೆಸರನ್ನೇ ಹೊತ್ತಿರುವ ಬ್ಯಾಕ್ಟೀರಿಯಾ ಇದು. ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿಯೂ ಜೊತೆಗಿತ್ತು. ಅದನ್ನು ನೋಡಿ ವೈದ್ಯರು ಮದ್ದು ಬದಲಿಸಿದರು. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡು ಹಲವರು ಆಸ್ಪತ್ರೆ ಸೇರಿದಾಗ ದೃಢಪಟ್ಟದ್ದೂ ಇದೇ ಶಿಗೆಲ್ಲಾ ಆದ್ದರಿಂದ, ಆ ಹೆಸರು ಕೇಳಿದೊಡನೆ ಅಕ್ಕನ ಮುಖ ಬಾಡಿತು. ಕಾಲರಾ ಅಂಟಲು ಸಾಮಾನ್ಯವಾಗಿ ರೋಗಾಣುಗಳು ಲಕ್ಷಗಟ್ಟಲೆ ಹೊಟ್ಟೆ ಸೇರಬೇಕು, ಶಿಗೆಲ್ಲಾಕ್ಕಾದರೋ 10ರಿಂದ 100 ಸಾಕು. ಸಾಬೂನು ಮುಟ್ಟದ ಕೈ, ಎಲ್ಲರೂ ಬಳಸುವ ಒಂದೇ ಬೈರಾಸು, ನೊಣ ಕೂತ ತಿಂಡಿ, ಇಷ್ಟರಿಂದಲೇ ಅದು ಮನೆಯಿಡೀ ಹಬ್ಬಬಲ್ಲದು. ಮನೆಯಲ್ಲಿ ಬೇರೆ ಯಾರಿಗಾದರೂ ಭೇದಿಯಿದೆಯೇ ಎಂದು ಟೆಕ್ನಿಶಿಯನ್ ಮೊದಲೇ ಕೇಳಿದ್ದು ಇದಕ್ಕಾಗಿ.

ನೀರಿನ ಪ್ರಶ್ನೆಯನ್ನೂ ಅವರು ಅಷ್ಟಕ್ಕೇ ಬಿಡಲಿಲ್ಲ. ಅಕ್ಕನ ಮನೆಯವರು ಕುಡಿಯುವುದು ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು. ಕನ್ನಡಿಯಷ್ಟು ತಿಳಿಯಾದ ಆ ನೀರಿನ ಬಗ್ಗೆ ಭಾವನಿಗೆ ಬಹಳ ಅಭಿಮಾನ. ಲ್ಯಾಬಿನವರು ಕೊಟ್ಟ ಕ್ರಿಮಿಶುದ್ಧ ಬಾಟಲಿಯಲ್ಲಿ ನೀರು ತುಂಬಿಸಿ ಕೊಟ್ಟೆವು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರಿನಲ್ಲಿ ಮಲದಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಸಿಗಬಾರದು, ಇದರಲ್ಲಿ ಸಿಕ್ಕಿತು. ಹುಡುಗನ ಶಿಗೆಲ್ಲಾ ಈ ನೀರಿನಿಂದಲೇ ಬಂತೆಂದು ಇಷ್ಟರಿಂದ ಹೇಳಲಾಗದು, ಆದರೆ ನೀರಿಗೆ ಮಲ ಸೇರುತ್ತಿದೆ ಎಂಬುದು ಖಚಿತವಾಯಿತು. ಸುರಂಗದ ಮೇಲ್ಭಾಗದಲ್ಲಿ ಎರಡು ವರ್ಷಗಳ ಹಿಂದೆ ತೋಡಿದ ಶೌಚದ ಗುಂಡಿಯಿದೆ, ಮುರಕಲ್ಲಿನ ಬಿರುಕುಗಳಲ್ಲಿ ಮಳೆಗಾಲದ ನೀರು ಸಲೀಸಾಗಿ ಇಳಿಯುತ್ತದೆ. ಭಾವ ಈಗ ಕುದಿಸಿದ ನೀರನ್ನೇ ಕುಡಿಯುತ್ತಾರೆ, ಗುಂಡಿಯನ್ನು ಬೇರೆಡೆಗೆ ಸಾಗಿಸುವ ಕೆಲಸಕ್ಕೆ ಆಳುಗಳನ್ನು ಕೇಳಿಟ್ಟಿದ್ದಾರೆ.

ಕೊರತೆಗಳೂ ಇವೆ. ವರದಿ ಇಂಗ್ಲಿಷಿನಲ್ಲಿ, ಸ್ಯಾಂಪಲ್ ತರುವ ಕ್ರಮದ ಸೂಚನೆ ಗೋಡೆಯ ಮೇಲೆ ಮಲಯಾಳದಲ್ಲಿ ಮಾತ್ರ ಇದೆ. ಇಷ್ಟೊಂದು ಕನ್ನಡಿಗರು ಬರುವ ಪೇಟೆಯಲ್ಲಿ ಆ ಸೂಚನೆ ಕನ್ನಡದಲ್ಲಿಯೂ ಇರಲೇಬೇಕು. ಓದಲು ಬರುತ್ತಿದ್ದರೆ ಈ ಹಿಂದೆ ರಕ್ತಪರೀಕ್ಷೆಗೆಂದು ಅಲ್ಲಿಗೆ ಹೋಗಿದ್ದ ಅಕ್ಕನಿಗೆ ಉಪ್ಪಿನಕಾಯಿ ಬಾಟಲಿ ಸಲ್ಲದೆಂದು ಮೊದಲೇ ತಿಳಿದಿರುತ್ತಿತ್ತು. ಇದನ್ನು ಅವರಿಗೆ ಹೇಳಿದಾಗ, ಬರೆದುಕೊಟ್ಟರೆ ಅಂಟಿಸುತ್ತೇವೆ ಎಂದರು, ಬರೆದು ಕೊಟ್ಟಿದ್ದೇನೆ. ಶೌಚಾಲಯ ಒಂದೇ ಇರುವುದರಿಂದ ಜನ ಹೆಚ್ಚಿರುವ ದಿನ ಭೇದಿಯ ರೋಗಿಗಳಿಗೆ ಕಷ್ಟ. ಕಲ್ಚರಿಗೆ ನಾವು ಕೊಟ್ಟ 900 ರೂಪಾಯಿ ಎಲ್ಲರಿಗೂ ಸುಲಭದ ಮೊತ್ತವಲ್ಲ.

ಮಂಗಳೂರಿನ ಪೆಟ್ಟಿಗೆ ಹನ್ನೊಂದು ಗಂಟೆಗೆ ಹೊರಡುತ್ತದೆ, ಭಾನುವಾರ ರಜೆ. ಕಲ್ಚರ್ ಬೇಕಾದವರು ಒಂಬತ್ತರೊಳಗೆ, ಸಾಧ್ಯವಾದರೆ ರೋಗಿಯನ್ನೇ ಕರೆದುಕೊಂಡು, ಈವರೆಗೆ ಕೊಟ್ಟ ಮಾತ್ರೆಗಳ ಚೀಟಿಯೊಂದಿಗೆ ಹೋಗಿ.