ಹಳೆಯ ಆಟೋಮ್ಯಾಟಿಕ್ ಫೋರ್ ವೀಲ್ ಡ್ರೈವ್ ಕೊಳ್ಳುವ ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿ

ಆಟೋಮ್ಯಾಟಿಕ್ ತಗೊಳ್ಳಲೋ ಮ್ಯಾನ್ಯುಯಲ್ ತಗೊಳ್ಳಲೋ ಅಂತ ಯೋಚಿಸುತ್ತಿದ್ದೀರಾ? ಅದರಲ್ಲೂ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ನೋಡುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾವು ಕೊಂಡದ್ದು ಡೀಸೆಲ್ ಆಟೋಮ್ಯಾಟಿಕ್. ಮಾರಿದವರು ಎರಡು ಮಾತನ್ನು ಒತ್ತಿ ಒತ್ತಿ ಹೇಳಿದ್ದರು. ಗೇರ್‌ಬಾಕ್ಸ್ ಆಯಿಲ್ ಗಾಡಿಯ ಆಯಸ್ಸಿಗೆಲ್ಲ ಒಂದೇ ಸಲ, ಬದಲಿಸುವ ಹಾಗೇ ಇಲ್ಲ. ಆಟೋಮ್ಯಾಟಿಕ್ ಆದ್ದರಿಂದ ಲೋ ರೇಂಜ್ (ಕಡಿದಾದ ಜಾಗದಲ್ಲಿ ನಿಧಾನಕ್ಕೆ, ಜೋರಾಗಿ ಎಳೆಯಲು ಇರುವ ಗೇರ್) ಹಾಕುವ ಗೋಜೂ ಇಲ್ಲ, ಗಾಡಿಯೇ ಎಲ್ಲ ನೋಡಿಕೊಳ್ಳುತ್ತದೆ. ಎರಡೂ ಸುಳ್ಳು.

ಟಾರು ರಸ್ತೆಯಲ್ಲಿ ಓಡಿಸುವಷ್ಟು ಕಾಲ ಏನೂ ಗೊತ್ತಾಗಲಿಲ್ಲ. ಕಲ್ಲುಮಣ್ಣಿನ ಕಡಿದಾದ ಏರಿನಲ್ಲಿ ಬಣ್ಣ ಬಯಲಾಯಿತು. ಗಾಡಿ ತುಂಬಾ ಜನ, ಸಾಮಾನು. ನಡೆದು ಹೋಗುವಷ್ಟೇ ವೇಗ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಆಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ದೀಪ ಹತ್ತಿತು. ಅಷ್ಟರಲ್ಲೇ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಅಬ್ಬರಿಸುತ್ತಿತ್ತು, ಚಕ್ರಕ್ಕೆ ಶಕ್ತಿಯೇ ಹೋಗುತ್ತಿರಲಿಲ್ಲ. ಮಕ್ಕಳನ್ನು ಇಳಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ನಿಂತೆವು.

ಯಾಕೆ ಹೀಗಾಯಿತು ಅಂತ ತಿಳಿದುಕೊಳ್ಳುವುದು ಮುಖ್ಯ. ಇಂಥ ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎರಚುತ್ತವೆ, ಆ ಎಣ್ಣೆಯ ಹೊಡೆತಕ್ಕೆ ಎದುರಿನ ರೆಕ್ಕೆಗಳು ತಿರುಗುತ್ತವೆ. ಓಟ ಹಿಡಿದ ಮೇಲೆ ಒಳಗಿನ ಲಾಕ್ ಎರಡನ್ನೂ ಒಂದು ಮಾಡುತ್ತದೆ. ಆದರೆ ಹೈ ರೇಂಜ್‌ನಲ್ಲಿ, ಅಂದರೆ ಮಾಮೂಲಿ ರಸ್ತೆಯ ಗೇರ್‌ನಲ್ಲಿ, ಭಾರ ಹೊತ್ತು ತೆವಳುವಾಗ ಲಾಕ್ ಆಗುವುದಿಲ್ಲ. ಎಣ್ಣೆ ಸುಮ್ನೆ ಕಡೆಯುತ್ತಲೇ ಇರುತ್ತದೆ, ಎಂಜಿನ್ ಶಕ್ತಿಯಲ್ಲಿ ಬಹಳಷ್ಟು ಬಿಸಿಯಾಗಿ ಹೋಗುತ್ತದೆ. ಸಾಮಾನ್ಯವಾಗಿ ಈ ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಚೆನ್ನ. 120 ದಾಟಿದರೆ ಬೇಗ ಕೆಡಲು ಶುರುವಾಗುತ್ತದೆ. ಮೊದಲೇ ಹಳಸಿದ ಆಯಿಲ್ ಆದರೆ ಕೇಳುವುದೇ ಬೇಡ. ಲೋ ರೇಂಜ್ ಹಾಕಿದರೆ ಅದೇ ನಿಧಾನ ವೇಗದಲ್ಲಿ ಎಂಜಿನ್ ಹಗುರವಾಗಿ ಎಳೆಯುತ್ತದೆ, ಕನ್ವರ್ಟರ್ ಜಾರುವುದು ಕಡಿಮೆ, ಬಿಸಿಯೂ ಕಡಿಮೆ. ಹಾಗಾಗಿ ಲೋ ರೇಂಜ್ ಆಟೋಮ್ಯಾಟಿಕ್‌ಗೂ ಬೇಕೇ ಬೇಕು.

ಟೋ ಮಾಡಲು ಬಂದವರು ಇನ್ನಷ್ಟು ಹಾಳು ಮಾಡಿದರು. ನಾನು ಇಡೀ ಗಾಡಿಯನ್ನೇ ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಕೇಳಿದ್ದೆ. ಅವರು ಮುಂದಿನ ಚಕ್ರ ಮಾತ್ರ ಎತ್ತಿ, "ನ್ಯೂಟ್ರಲ್‌ನಲ್ಲಿದೆ, ಏನೂ ಆಗಲ್ಲ ಸರ್" ಅಂತ ಎಳೆದುಕೊಂಡು ಹೋದರು. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಆಫ್ ಇದ್ದಾಗ ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೂ ಪೆಟ್ಟು ಬೀಳಬಹುದು. ನಾಲ್ಕೂ ಚಕ್ರ ನೆಲ ಬಿಟ್ಟಿರಲೇಬೇಕು ಅಂತ ಹಟ ಹಿಡಿಯಿರಿ, ರಾತ್ರಿಯಾದರೂ ಪರವಾಗಿಲ್ಲ, ಕಾಯಿರಿ.

ಗ್ಯಾರೇಜ್‌ನಲ್ಲಿ ಬಿಚ್ಚಿದಾಗ ಆಯಿಲ್ ಕಪ್ಪಾಗಿತ್ತು, ಗೇರ್‌ಬಾಕ್ಸ್ ಒಳಗೇ ಗೇರ್ ಬದಲಿಸಲು ಇರುವ ಬೇರೆ ಕ್ಲಚ್ ಪ್ಲೇಟುಗಳು ಸುಟ್ಟು ಸವೆದಿದ್ದವು. ಇದು ಒಂದೇ ಏರಿನಲ್ಲಿ ಆದದ್ದಲ್ಲ, ವರ್ಷಗಟ್ಟಲೆ ಆಯಿಲ್ ಬದಲಿಸಿಲ್ಲ ಅಂದರು ಮೆಕ್ಯಾನಿಕ್. ಮಾರಿದವರಿಗೆ ಫೋನ್ ಮಾಡಿದರೆ "ನೀವು ಓಡಿಸಿದ್ದು ಸರಿಯಿಲ್ಲ" ಎಂಬ ಉತ್ತರ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಂತ ಮ್ಯಾನ್ಯುಯಲ್ ತಗೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳಿಸಿದರೆ ಅದೂ ಸುಡುತ್ತದೆ. ಆದರೆ ಕ್ಲಚ್ ಬದಲಿಸುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ತುಂಬಾ ಸುಲಭ, ಖರ್ಚೂ ಕಡಿಮೆ. ಇಳಿಜಾರಿನಲ್ಲಂತೂ ಮ್ಯಾನ್ಯುಯಲ್ ಲೋ ರೇಂಜ್ ಫಸ್ಟ್ ಗೇರ್ ಗಾಡಿಯನ್ನು ಹಿಡಿದಿಟ್ಟ ಹಾಗೆ ಟಾರ್ಕ್ ಕನ್ವರ್ಟರ್ ಹಿಡಿಯುವುದಿಲ್ಲ. ಆಟೋಮ್ಯಾಟಿಕ್‌ನಲ್ಲಿ ಇಳಿಯುವಾಗ ಡಿ (ಡ್ರೈವ್) ಬಿಟ್ಟು ಫಸ್ಟ್ ಗೇರ್‌ಗೆ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಮೇಲೆ ಭಾರ ಜಾಸ್ತಿ. ಮರಳಿನಲ್ಲಿ ಮಾತ್ರ ಆಟೋಮ್ಯಾಟಿಕ್‌ಗೇ ನನ್ನ ಮತ. ಗೇರ್ ಬದಲಾಗುವಾಗ ಎಳೆತ ತಪ್ಪುವುದಿಲ್ಲ, ಗಾಡಿ ಹೂತುಹೋಗುವುದು ಕಡಿಮೆ. ಡ್ರೈ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಮತ್ತು ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಗೇರ್ ಮಾತ್ರ ತಾನೇ ಬದಲಾಗುವಂಥದ್ದು), ಇವುಗಳ ವಿಷಯ ಬೇರೆ. ಅವುಗಳಲ್ಲಿರುವುದು ಟಾರ್ಕ್ ಕನ್ವರ್ಟರ್ ಅಲ್ಲ, ಮ್ಯಾನ್ಯುಯಲ್‌ನ ಹಾಗೆ ಒಣ ಕ್ಲಚ್ಚೇ. ಕಲ್ಲಿನ ಏರಿಗೆ ನಾನಂತೂ ಅವನ್ನು ಆರಿಸುವುದಿಲ್ಲ.

ಆಟೋಮ್ಯಾಟಿಕ್ಕೇ ಬೇಕು ಅಂದರೆ ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಿರುವಾಗ ಹೋಗಿ ನೋಡಿ. ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಬ್ರೇಕ್ ಒತ್ತಿ ಹಿಡಿದು ಡಿಗೂ ರಿವರ್ಸ್‌ಗೂ ಹಾಕಿ. ಗೇರ್ ಬೀಳಲು ತಡವಾದರೆ, ಧಡ್ ಅಂತ ಒದ್ದರೆ ಒಳಗೆ ಸವೆತ ಇರಬಹುದು. ಆಯಿಲ್ ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್ ನೀರು ಗೇರ್‌ಬಾಕ್ಸ್‌ಗೆ ಸೇರಿದೆ ಎಂದೇ ತಿಳಿಯಿರಿ. ಕೆಲವು ಗಾಡಿಗಳಿಗೆ ಈ ಆಯಿಲ್ ನೋಡಲು ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಆಗ ನಿಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು, ಲಿಫ್ಟ್ ಮೇಲೆ ಏರಿಸಿ, ಸ್ವಲ್ಪ ಆಯಿಲ್ ತೆಗೆಸಿ ಬಣ್ಣ, ವಾಸನೆ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಗಾಡಿ ಬಿಟ್ಟುಬಿಡಿ.