ಮಸೂರ್ ಬೇಳೆ ಡಿಪ್‌ಗೆ ಹ್ಯಾಂಡ್ ಬ್ಲೆಂಡರ್: ಎಲ್ಲಿ ಸಾಕು, ಎಲ್ಲಿ ಸಾಲದು

ಬೇಳೆ ಡಿಪ್‌ಗೆ ಫುಡ್ ಪ್ರೊಸೆಸರ್ ಬೇಕೇ ಬೇಕು ಅನ್ನುವವರಿದ್ದಾರೆ. ಬೇಡ. ಸಿಪ್ಪೆ ತೆಗೆದ ಮಸೂರ್ ಬೇಳೆಗಾದರೆ ಸ್ಟೀಲ್ ಕಾಲಿನ ಮಾಮೂಲಿ ಹ್ಯಾಂಡ್ ಬ್ಲೆಂಡರ್ ಧಾರಾಳವಾಗಿ ಸಾಕು. ಸಿಪ್ಪೆ ಸಮೇತ ಇರುವ ಇಡೀ ಮಸೂರ್‌ಗೆ ಮಾತ್ರ ಅದು ಸಾಲದು. ಎಷ್ಟು ತಿರುಗಿಸಿದರೂ ಸಿಪ್ಪೆಯ ಚೂರು ನಾಲಿಗೆಗೆ ಸಿಗುತ್ತಲೇ ಇರುತ್ತದೆ.

ಗಂಟು ಉಳಿಯುತ್ತದೆ, ನೀರು ನೀರಾಗುತ್ತದೆ ಎಂಬ ದೂರುಗಳಲ್ಲಿ ಬ್ಲೇಡಿನ ತಪ್ಪು ಕಡಿಮೆ, ಬೇಯಿಸಿದ್ದರ ತಪ್ಪೇ ಹೆಚ್ಚು. ಒಂದು ಕಪ್, ಅಂದರೆ ಸುಮಾರು 200 ಗ್ರಾಂ ಬೇಳೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಎರಡೂವರೆ ಕಪ್ ನೀರು ಹಾಕಿ, ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ ಬೇಯಿಸಿ. ನೆನೆಸುವುದು ಬೇಕಿಲ್ಲ. ಒಂದು ಬೇಳೆಯನ್ನು ಬೆರಳ ನಡುವೆ ಹಿಸುಕಿ ನೋಡಿ. ಒಳಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಹಾಗೇ ರುಬ್ಬಿದರೆ ಡಿಪ್ ಮರಳು ಮರಳಾಗುತ್ತದೆ, ಯಾವ ಬ್ಲೆಂಡರ್‌ನಿಂದಲೂ ಅದು ಸರಿಹೋಗದು. ಬೇಯುವಾಗ ನಿಂಬೆರಸ ಹಾಕಲೇಬೇಡಿ, ಹುಳಿ ಬಿದ್ದರೆ ಬೇಳೆ ಮೆತ್ತಗಾಗಲು ತಡವಾಗುತ್ತದೆ. ಬೆಂದದ್ದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಿ, ಬಸಿದ ನೀರನ್ನು ಎತ್ತಿಡಿ.

ಬ್ಲೆಂಡರ್ ನಿಜವಾಗಿ ಸೋಲುವುದು ಸಣ್ಣ ಪ್ರಮಾಣದಲ್ಲಿ. ಡಿಪ್‌ಗೆ ಬೇಕಾದ ಮೂರು ದೊಡ್ಡ ಚಮಚ ತಾಹಿನಿಯಲ್ಲಿ, ಅಂದರೆ ಎಳ್ಳಿನ ಪೇಸ್ಟ್‌ನಲ್ಲಿ, ಬ್ಲೇಡ್ ಮುಳುಗುವುದೇ ಇಲ್ಲ. ಬೆಳ್ಳುಳ್ಳಿ ಎಸಳು ಅದರ ಕೆಳಗೆ ಸಿಗದೆ ಪಕ್ಕಕ್ಕೆ ಹಾರುತ್ತದೆ. ಈ ಭಾಗವನ್ನು ಕೈಯಲ್ಲೇ ಮಾಡಿ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ, ಎರಡು ದೊಡ್ಡ ಚಮಚ ನಿಂಬೆರಸದಲ್ಲಿ ಹತ್ತು ನಿಮಿಷ ಬಿಟ್ಟರೆ ಹಸಿ ಘಾಟು ತಗ್ಗುತ್ತದೆ. ಅದನ್ನು ತಾಹಿನಿಗೆ ಸುರಿದು ಕಲಸಿದ ಕೂಡಲೇ ತಾಹಿನಿ ಬಿಗಿದು, ಒಡೆದಂತೆ ತರಿತರಿಯಾಗಿ ಕಾಣುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತಾ ಕದಡಿ, ಮೂರನೇ ಚಮಚದ ಹೊತ್ತಿಗೆ ಬಣ್ಣ ತಿಳಿಯಾಗಿ ಬೆಣ್ಣೆಯಂತಾಗುತ್ತದೆ.

ಇನ್ನು ರುಬ್ಬುವುದು. ಅಗಲ ಪಾತ್ರೆ ಬೇಡ, ಎತ್ತರದ ಇಕ್ಕಟ್ಟು ಜಗ್ ಬೇಕು. ನಾನ್‌ಸ್ಟಿಕ್ ಪಾತ್ರೆಯಲ್ಲಂತೂ ಇಳಿಸಲೇಬೇಡಿ, ಲೇಪನ ಗೀರಿಹೋಗುತ್ತದೆ. ಬೇಳೆ, ತಾಹಿನಿ ಮಿಶ್ರಣ, ಮುಕ್ಕಾಲು ಟೀ ಚಮಚ ಉಪ್ಪು, ಅಷ್ಟೇ ಹುರಿದ ಜೀರಿಗೆ ಪುಡಿ ಹಾಕಿ. ಬ್ಲೇಡ್ ಪೂರ್ತಿ ಮುಳುಗಿದ ಮೇಲೆಯೇ ಸ್ವಿಚ್ ಒತ್ತಿ, ಇಲ್ಲವಾದರೆ ಗೋಡೆಗೆಲ್ಲ ಸಿಡಿಯುತ್ತದೆ. ತಳಕ್ಕೆ ಅಂಟಿಕೊಂಡರೆ ಕಾಲನ್ನು ಸ್ವಲ್ಪ ಓರೆ ಮಾಡಿ, ಕಚ್ಚಿಕೊಂಡದ್ದು ಬಿಡುತ್ತದೆ. 20 ಸೆಕೆಂಡ್ ಓಡಿಸಿ, ಬದಿಗಳನ್ನು ಕೆರೆದು, ಮತ್ತೆ 20 ಸೆಕೆಂಡ್. ಎರಡು ಮೂರು ಸುತ್ತಿಗೆ ಮುಗಿಯುತ್ತದೆ. ಗಟ್ಟಿ ಮಿಶ್ರಣದಲ್ಲಿ ಎಡೆಬಿಡದೆ ಓಡಿಸಿದರೆ ಮೋಟಾರ್ ಕಾಯುತ್ತದೆ. ಹಿಡಿ ಬೆಚ್ಚಗಾದರೆ ನಿಲ್ಲಿಸಿ.

ಬಿಸಿಯಲ್ಲಿ ಚಮಚದಿಂದ ಸಲೀಸಾಗಿ ಜಾರುವಷ್ಟು ತೆಳುವಿರಲಿ. ಬೇಕಾದರೆ ಎತ್ತಿಟ್ಟ ನೀರನ್ನು ಒಂದೊಂದೇ ಚಮಚ ಸೇರಿಸಿ. ಆರಿದಂತೆ ಬೇಳೆಯ ಪಿಷ್ಟ ಬಿಗಿದು ಡಿಪ್ ತಾನೇ ಗಟ್ಟಿಯಾಗುತ್ತದೆ. ಆಲಿವ್ ಎಣ್ಣೆಯನ್ನು ಮಾತ್ರ ಬ್ಲೇಡಿಗೆ ಕೊಡಬೇಡಿ, ಎಕ್ಸ್‌ಟ್ರಾ ವರ್ಜಿನ್ ಆದರೆ ಕಹಿ ಬರಬಹುದು. ಕೊನೆಗೆ ಒಂದು ಚಮಚ ಕೈಯಲ್ಲಿ ಕಲಸಿದರೆ ಆಯಿತು. ಅದಕ್ಕಿಂತ ಹೆಚ್ಚು ಬೇಕಿಲ್ಲ, ನಯವಾಗಿರುವುದು ಬೇಳೆಯಿಂದಲೇ. ಬೆಂದ ಮಸೂರ್‌ನ 100 ಗ್ರಾಂನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇರುವಾಗ, ಎಣ್ಣೆ ಸುರಿದು ಅದನ್ನು ಭಾರ ಮಾಡುವುದು ಸರಿಯಲ್ಲ.

ತೊಳೆಯುವ ವಿಷಯದಲ್ಲಿ ಹ್ಯಾಂಡ್ ಬ್ಲೆಂಡರ್‌ಗೆ ಪೂರ್ತಿ ಅಂಕ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹತ್ತು ಸೆಕೆಂಡ್ ಓಡಿಸಿ, ಪ್ಲಗ್ ತೆಗೆದು, ಬ್ಲೇಡ್ ಉಜ್ಜಿದರೆ ಮುಗಿಯಿತು. ಆದರೆ ಕೂಡಲೇ ತೊಳೆಯಿರಿ. ಒಣಗಿದ ಬೇಳೆ ಬ್ಲೇಡಿನ ಬುಡದಲ್ಲಿ ಅಂಟಿನಂತೆ ಕೂತುಬಿಡುತ್ತದೆ. ಡಿಪ್ ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಗಟ್ಟಿಯಾಗಿದ್ದರೆ ಒಂದು ಚಮಚ ನೀರು, ಎರಡು ಹನಿ ನಿಂಬೆರಸ ಹಾಕಿ ಕಲಸಿ.